ಸತ್ತಾಂವ ನೋಡೋ ಪಿಕ್ಚರು

ಸತ್ತ ಮನಷ್ಯಾ ಕುಂತು ಪಿಕ್ಚರ್ ನೋಡ್ತಾನೇನ್ರಿ? ನೀವು ನಗತೀರಿ. ನಗರಿ. ರಾಜಶ್ರೀಗೂ ಮೊದಲ ನಗು ಬಂದಿತ್ತು. ಬರಬರತ ಆಕಿಗೆ ರಾತ್ರಿ ನಿದ್ದಿ ಬರದಂಗಾತು, ಅದು ಮುಂದಿನ ಮಾತು.

ಬಸವನ ಬಾಗೇವಾಡ್ಯಾಗ ತಮ್ಮ ಅಮಿತನ ಮನ್ಯಾಗ ಆಕಿ ಇದ್ದಳು, ಮಗಳು ಕೋಮಲನ್ನ ಕಟಗೊಂಡು. ಹಗಲೆಲ್ಲಾ ಹೊಲಿಗಿ ಅಂಗಡಿ, ಸಂಜಿಗೆ ರೊಟ್ಟಿ. ಅವತ್ತೊಂದಿನ ಕೋಮಲಗ ಕಾರ್ಟೂನ್ ಹಚ್ಚಿಕೊಡಾಕ ಟಿವಿ ಚಾಲೂ ಮಾಡಿದಳು. ತಿಂಗಳಾ ರೊಕ್ಕ ಕಟ್ಟಿ ನೋಡೋ ಪಿಕ್ಚರ್ ಆ್ಯಪು ಅದು. ತೆರದ ಕೂಡಲೇ "ಯಾರು ನೋಡ್ತೀರಿ" ಅಂತ ಕೇಳತೈತಿ, ಮನಿ ಮಂದಿ ಹೆಸರಿನ ಬಣ್ಣಬಣ್ಣದ ಚೌಕ ತೋರಸತೈತಿ. ರಾಜಶ್ರೀ, ಕೋಮಲ, ಅವ್ವ, ದುಂಡೇಶ. ರಿಮೋಟಿನ ಗುಂಡಿ ಒಂದು ಹೆಚ್ಚಿಗಿ ಒತ್ತಿತು, ದುಂಡೇಶನ ಚೌಕ ತೆರಕೊಂತು.

ದುಂಡೇಶ ಆಕಿ ಗಂಡ. ತಂಗಡಗಿ ಕಡಿ ಕೃಷ್ಣಾ ಸೇತುವಿ ಮ್ಯಾಲ ಅವನ ಚಪ್ಪಲ್ಲು, ಮೊಬೈಲು, ಮಡಚಿದ ಅಂಗಿ ಸಿಕ್ಕು ಎರಡು ಮಳಿಗಾಲ ಕಳದಿದ್ದವು. ಹೊಳಿ ತುಂಬಿ ಹರ್ಯಾಕತ್ತಿತ್ತು, ಹೆಣ ಸಿಗಲಿಲ್ಲ. ಹಿರೇರು ಕೂಡಿ ದಿನ ಮಾಡಿ ಮುಗಿಸಿದರು. ಆ್ಯಪಿನ್ಯಾಗಿಂದ ಅವನ ಹೆಸರು ತಗಿಯಾಕ ಮಾತ್ರ ಆಕಿಗೆ ಕೈ ಬಂದಿರಲಿಲ್ಲ, "ಅಪ್ಪಂದು ಇರ್ಲಿ ಬಿಡವ್ವಾ" ಅಂತ ಕೋಮಲ ಗಂಟುಬಿದ್ದಿದ್ದಳು.

ಅವನ ಚೌಕದೊಳಗ ಅರ್ಧಾ ನೋಡಿ ಬಿಟ್ಟ ಪಿಕ್ಚರ್ ಸಾಲಾಗಿ ಕುಂತಿದ್ದವು. ಎಲ್ಲಾಕ್ಕೂ ಮುಂದ ಇದ್ದದ್ದು ಹೊಸಾ ಪಿಕ್ಚರು, ಅದು ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದರ ಬುಡಕ್ಕ, ಎಲ್ಲೀತನಕ ನೋಡ್ಯಾರ ಅನ್ನೋದನ್ನ ತೋರಸೋ ಕೆಂಪು ಗೆರಿ.

ರಾಜಶ್ರೀ ನಕ್ಕಳು. "ಕೋಮಲಾ, ಅಪ್ಪನ ಹೆಸರಿನ್ಯಾಗ ಯಾಕ ನೋಡ್ತೀ?"

"ನಾ ಯಾಕ ನೋಡಲಿ? ನಂದ ಐತೆಲ್ಲಾ."

ಇರಬೇಕು, ಅತ್ತಿ ತನ್ನ 'ಅವ್ವ' ಚೌಕ ಬಿಟ್ಟು ತಪ್ಪಿ ಇದರಾಗ ನೋಡ್ಯಾಳು ಅನಕೊಂಡಳು. ಇಂಡಿ ಊರಾಗ ಅತ್ತಿ ಇಂದ್ರಾಬಾಯಿ ಮನಿ ಟಿವಿಗೂ ಇದ ಆ್ಯಪು ಹಾಕಿಕೊಟ್ಟಿದ್ದ ದುಂಡೇಶ. ಅಷ್ಟಕ್ಕ ಬಿಟ್ಟಿದ್ದರ ಕತೀನ ಇರತಿದ್ದಿಲ್ಲ. ಆದ್ರ ಮರುದಿನ ಹೊಲಿಗಿ ಅಂಗಡ್ಯಾಗ ಕುಂತಾಗ ಸುಮ್ಮ ಫೋನಿನ್ಯಾಗ ಆ ಚೌಕ ತಗದು ನೋಡಿದಳು. ಮತ್ತೊಂದು ಪಿಕ್ಚರ್ ಬಂದಿತ್ತು, ಕೆಂಪು ಗೆರಿ ಸುರುವಿನ್ಯಾಗ ಇತ್ತು. ಒಂದು ಜಂಪರಿನ ತೋಳು ಹಚ್ಚೂದರಾಗ ಗೆರಿ ಪಿಕ್ಚರಿನ ನಟ್ಟ ನಡುವ ಬಂದು ನಿಂತಿತ್ತು. ಇನ್ನೊಂದು ತೋಳು ಹಚ್ಚಿ ನೋಡಿದ್ರ ಕೊನೀಗೆ ಹೋಗಿತ್ತು. ಆಮ್ಯಾಲ ಬ್ಯಾರೆ ಪಿಕ್ಚರು. ಅದರದೂ ಸುರು, ನಡುವ, ಕೊನಿ.

ಆಕಿ ಕೈಯಾಗಿನ ಜಂಪರ್ ಬದಿಗಿಟ್ಟಳು. ಹಿಂಗ ಪಿಕ್ಚರ್ ನೋಡಾಂವ ಈ ಭೂಮಿ ಮ್ಯಾಲ ಒಬ್ಬನ ಇದ್ದ.

ಅದನ್ನ ಹೇಳಬೇಕಂದ್ರ ದುಂಡೇಶನ ಧಂಧೆ ಹೇಳಬೇಕು. ಮುದ್ದೇಬಿಹಾಳದಾಗ ಅವಂದು ಪಿಕ್ಚರಿನ ಸೀಡಿ ಡಿಸ್ಕು ಬಾಡಿಗಿ ಕೊಡೋ ಅಂಗಡಿ. ಎಂಥಾ ನಡೀತಿತ್ತಂತೀರಿ! ಸುತ್ತಿನ ಊರಾಗ ಥೇಟರ್ ಇದ್ದಿಲ್ಲ, ಡಿಸ್ಕ್ ಬಾಡಿಗಿ ತರಾಕ ಮಂದಿ ಪ್ಯಾಟಿಗೆ ಬರಬೇಕಿತ್ತು. ಇಂವ ಏನ್ ಮಾಡಿದ, ಡಿಸ್ಕನ್ನ ಮಂದೀ ಕಡಿ ಕಳಿಸಿದ. ಅಂಚೀಗೆ ಹಾಕಿದ್ರ ವಾರ ಹಿಡೀತೈತಿ ಅಂತ ಬಸ್ ಕಂಡಕ್ಟರ್ ಕೈಯಾಗ ಅರಿವಿ ಚೀಲ ಕೊಡತಿದ್ದ. ಹೂವಿನ ಹಿಪ್ಪರಗಿ, ಮುಳವಾಡ, ಸಿಂದಗಿ, ಆಲಮೇಲ, ಎಲ್ಲಾ ಕಡಿ ಬಸ್‌ಸ್ಟ್ಯಾಂಡಿನ ಪಾನ್‌ಶಾಪಿನವರು ಚೀಲ ಇಳಿಸಿಕೊಂಡು ಹಂಚವರು, ನೋಡಿದ ಡಿಸ್ಕು ತಿರುಗಿ ಬಸ್ಸಿಗೇ ಹಾಕವರು. ಆಲಮೇಲದಾಗ ಕಬ್ಬು ಕಡಿಯೋ ಗ್ಯಾಂಗಿನವರು ಓಣಿಗೆ ಓಣೀನ ಕೂಡಿ ನೋಡತಿದ್ದರು. ಅಂಥಾದರಾಗ ನಡುವ ಡಿಸ್ಕು ಸಿಕ್ಕಬಿದ್ರ ಕಂಡಕ್ಟರನ ಬಾಯಿಲೆ ಬೈಗುಳಾ ಕಳಸತಿದ್ದರು. ಹಂಗಾಗಿ ದುಂಡೇಶ ಒಂದು ಪದ್ಧತಿ ಇಟಗೊಂಡ. ತಿರುಗಿ ಬಂದ ಪ್ರತಿ ಡಿಸ್ಕನ್ನೂ ಹಳೇ ಧೋತರದ ಅರಿವಿಲೆ ಒರಸಬೇಕು, ಗೀರು ಬಿದ್ದೈತೇನ ಅಂತ ಬೆಳಕಿಗೆ ಹಿಡಿಬೇಕು, ಸುರುವಿಂದ ಒಂಚೂರು, ನಡುವ ಒಂಚೂರು, ಕೊನೀದೊಂಚೂರು ಹಚ್ಚಿ ನೋಡಬೇಕು. ಕೈಕೊಟ್ರ ಡಿಸ್ಕು ಈ ಮೂರು ಕಡೀನ ಕೈಕೊಡತೈತಿ ಅಂತಿದ್ದ. ಒಂದು ಪಿಕ್ಚರನ್ನೂ ಅಂವ ಪೂರ್ತಿ ನೋಡಿದಾಂವಲ್ಲ.

ಆಮ್ಯಾಲ ಮಂದಿ ಕೈಯಾಗ ನೆಟ್ ಬಂತು. ತಿಂಗಳಿಗಿಷ್ಟು ಕಟ್ಟಿದ್ರ ಕಿಸೇದಾಗ ಸಾವಿರಾರು ಪಿಕ್ಚರು, ಗೀರಿಲ್ಲ, ಸಿಕ್ಕಬೀಳೂದಿಲ್ಲ, ತಿರುಗಿ ಕೊಡೂದಿಲ್ಲ. ಬಸ್ಸಿನ್ಯಾಗ ಹೋದ ಚೀಲ ಹೋದಂಗ ಬರಾಕತ್ತಿತು, ಒಬ್ಬರೂ ಬಿಚ್ಚತಿದ್ದಿಲ್ಲ. ದುಂಡೇಶನ ಸಿಟ್ಟು ಹೆಂಡ್ತಿ ಮ್ಯಾಲ ಇಳೀತು. ಮೊದಲ ಬಾಯಿ, ಆಮ್ಯಾಲ ಕೈ, ಒಂದಿನ ಕಾದ ಇಸ್ತ್ರಿ ಪೆಟಗಿ. ಎಡಗಡೀ ಭುಜದ ಮ್ಯಾಲಿನ ಆ ಕಲಿ ಮುಚ್ಚಾಕಂತನ ರಾಜಶ್ರೀ ಇವತ್ತಿಗೂ ಉದ್ದ ತೋಳಿನ ಜಂಪರ್ ತೊಡತಾಳ.

ಕಡೀಕ ಅಂವ ತಾನೂ ನೆಟ್ಟಿನ ಧಂಧೆ ಮಾಡತೇನಿ ಅಂತ ಎದ್ದ. ಒಂದ ಖಾತೆ ತಗದು ಅದರ ಪಾಸ್‌ವರ್ಡನ್ನ ನಾಲ್ಕು ತಾಲೂಕಿಗೆ ಮಾರಿದ, ವರ್ಷದ ರೊಕ್ಕ ಮುಂಗಡ ಇಸಗೊಂಡ. ಕಂಪನಿಯವರಿಗೆ ಗೊತ್ತಾಗದ ಇರತೈತೇನು? ಒಂದಿನ ಎಲ್ಲಾರ ಟಿವೀನೂ ಒಮ್ಮಿಗೇ ಬಂದ್. ಮಂದಿ ಅಂಗಡಿ ಮುಂದ ಬಂದು ನಿಂತರು. ಆ ವಾರನ ಸೇತುವಿ ಮ್ಯಾಲ ಚಪ್ಪಲ್ಲು ಸಿಕ್ಕವು. ರಾಜಶ್ರೀ ಅತ್ತಳು, ಖರೆ. ಅತ್ತು ಮುಗಿದ ಮ್ಯಾಲ ಆಕಿಗೆ ನೆಮ್ಮದೀಲೆ ನಿದ್ದಿ ಬಂತು, ಅದೂ ಖರೆ.

ಈಗ ಆ ನಿದ್ದೀಗೆ ಕಲ್ಲು ಬಿತ್ತು. ಗೀರ ಬೀಳದಂಥಾ ಪಿಕ್ಚರಿನ್ಯಾಗ ಯಾವನೋ ಕುಂತು ಗೀರು ಹುಡುಕಾಕತ್ತಾನ!

ಹೆದರಿಕಿ ಅನ್ನೂದು ಹೊತ್ತು ನೋಡಿ ಬರಂಗಿಲ್ಲ ನೋಡ್ರಿ. ಹೂವಿನ ಹಿಪ್ಪರಗಿಯ ಗಿರಣಿ ಅಮೋಘಸಿದ್ಧನ ಜೋಡಿ ರಾಜಶ್ರೀದು ಉಡಿಕಿ, ಅಂದ್ರ ಎರಡನೇ ಲಗ್ನ, ಗೊತ್ತಾಗಿತ್ತು. ಹೆಂಡ್ತಿ ತೀರಿದಾಂವ, ಮೆತ್ತನ ಮಾತಿನಾಂವ, ಕೋಮಲನ್ನ "ಬಾರವ್ವಾ" ಅಂತ ಕರದು ಮಾತಾಡಸಾಂವ. ಗಂಡ ಸತ್ತಾಕಿ ಮತ್ತೊಬ್ಬನ ಕೈಲೆ ಸೀರಿ ಉಡಬೇಕಂದ್ರ ಮೊದಲಿನ ಅತ್ತಿ ಮನ್ಯಾಗಿಂದ ಒಪ್ಪಿಗಿ ಬರಬೇಕು, ಅದು ಅವರಲ್ಲಿನ ಪದ್ಧತಿ. ಅಮಿತ ಹಿರೇರನ್ನ ಕರಕೊಂಡು ಇಂಡಿಗೆ ಹೋಗಿ ಬಂದಿದ್ದ. ಇಂದ್ರಾಬಾಯಿ ಕಣ್ಣೀರ ಹಾಕಿ, "ಆಕಿ ಬಾಳೇ ಮಾಡ್ಲೆಪ್ಪಾ" ಅಂದಿದ್ದಳು.

ರಾಜಶ್ರೀ ತಮ್ಮಗ ಫೋನ್ ತೋರಿಸಿದಳು. ಅಂವ ಮಾರಿ ಸಿಂಡರಿಸಿದ.

"ಅಕ್ಕಾ, ಯಾವನೋ ಪಾಸ್‌ವರ್ಡ್ ಗೊತ್ತಿದ್ದಾಂವ ಪುಕ್ಕಟೆ ನೋಡಾಕತ್ತಾನ. ಅವ ಮಾರಿದ್ದು ಒಬ್ಬಿಬ್ಬರಿಗೇನು?"

"ಅದು ಬ್ಯಾರೆ ಖಾತೆ, ಇದು ಮನೀದು. ಸುರು, ನಡುವ, ಕೊನಿ ನೋಡೋ. ಯಾರು ಹಂಗ ನೋಡ್ತಾರ?"

"ನಿನ್ನ ತಲ್ಯಾಗಿಂದು ತಗದು ಒಗಿ. ಹೊರಗ ಯಾರ ಮುಂದರ ಬಾಯಿ ಬಿಟ್ಟೀ, ಗಂಡ ಜೀವಂತ ಅದಾನಂತ ಹಿಪ್ಪರಗ್ಯಾವರು ಒಲ್ಲೆ ಅಂದ್ರ?"

ಅಂವ ಹೇಳೂದೂ ತಪ್ಪಲ್ಲ. ಆದ್ರ ಆಕಿ ಹೆದರಿಕಿ ಉಡಿಕಿ ತಪ್ಪೀತು ಅಂತಲ್ಲ. ಅಂವ ಇದ್ದಿದ್ದ ಖರೆ ಆದ್ರ ಬಂದ ಬರತಾನ. ಬಂದ್ರ ಆಕೀನ್ನ ಬಿಡಂಗಿಲ್ಲ, ಕೋಮಲನ್ನ ಮೊದಲ ಬಿಡಂಗಿಲ್ಲ. ಜಗಳ ಆದಾಗೆಲ್ಲಾ ಅಂವ ಹೇಳತಿದ್ದದ್ದು ಒಂದ ಮಾತು: "ನೀ ಹೋಗೂದಾದ್ರ ಹೋಗು, ಕೂಸಿನ್ನ ನಿನಗ ಮತ್ತ ತೋರಸೂದಿಲ್ಲ."

ಅಂಗಡ್ಯಾಗ ಸೂಜಿ ಬೆರಳಿಗೆ ಚುಚ್ಚಾಕತ್ತಿತು. ಗಂಡಸರು ಯಾರರ ತಲೀಗೆ ಟವೆಲ್ ಸುತಗೊಂಡು ಹಾದಿಗುಂಟ ಬಂದ್ರ ಹೊಲಿಗಿ ಬಿಟ್ಟು ಎದ್ದು ಮಾರಿ ನೋಡತಿದ್ದಳು. ಸಾಲಿ ಬಿಡೂಕಿಂತ ಮೊದಲ ಹೋಗಿ ಗೇಟಿಗೆ ನಿಂದರತಿದ್ದಳು. ಕೋಮಲ, "ನಾ ಸಣ್ಣಾಕೇನ?" ಅಂತ ಸಿಟ್ಟಾಗತಿದ್ದಳು. ಆ ಚೌಕ ನೋಡಬಾರದು ಅಂತಾಳ, ಮತ್ತ ನೋಡತಾಳ. ಗೆರಿ ಸರದಿರತೈತಿ.

ಶನಿವಾರ ಸಂಜಿಕ ಆಕಿ ತಡಕೊಳ್ಳಲಿಲ್ಲ. ಒಲಿ ಮ್ಯಾಲ ಬ್ಯಾಳಿ ಕುದ್ಯಾಕತ್ತಿತ್ತು. ಫೋನ್ ತಗದಳು, ದುಂಡೇಶನ ಚೌಕ ಒತ್ತಿದಳು, ಅಳಿಸಿಬಿಟ್ಟಳು. ಖರೇನ ಅಳಸೂದೇನು ಅಂತ ಅದು ಮತ್ತೊಮ್ಮೆ ಕೇಳಿತು. ಹೌದಂತ ಒತ್ತಿದಳು. ಹೆಸರು ಹೋತು. ಉಸರು ಬಿಟ್ಟಳು. ಪಾಪ, ತಾ ಏನ್ ಮಾಡಿದೆ ಅನ್ನೂದು ಆಕಿಗೆ ತಿಳೀಲಿಲ್ಲ.

ಆದ್ರೂ ಮನಸಿಗೆ ಸಮಾಧಾನ ಬೇಕಲ್ಲಾ. ಮರುದಿನ ರವಿವಾರ, ಕೋಮಲನ್ನ ಬಾಜೂ ಮನಿ ಸುಗ್ರಾನ ಕಡಿ ಬಿಟ್ಟಳು. ಅಮಿತ ಕೆಲಸಕ್ಕಂತ ಮುಳವಾಡಕ್ಕ ಹೋಗಿದ್ದ. "ಸಂಜಿತನಕ ನಿಮ್ಮ ಕಣ್ಣ ಮುಂದ ಇರ್ಲಿ ಸುಗ್ರಕ್ಕಾ," ಅಂತ ಹೇಳಿ ಬಸ್ ಹತ್ತಿದಳು. ವಿಜಯಪುರದಾಗ ಇಳದು ಇಂಡಿ ಬಸ್ ಹಿಡದಳು. ಎದುರಿಗೆ ಬಾಗೇವಾಡಿ ಬಸ್ಸು ತುಂಬಿ ಹೊಂಡಾಕತ್ತಿತ್ತು, ಅದರ ಕಡಿ ಆಕಿ ತಿರುಗೀನೂ ನೋಡಲಿಲ್ಲ.

ಇಂದ್ರಾಬಾಯಿ ಬಾಗಲದಾಗ ಸೊಸೀನ್ನ ನೋಡಿ ನಿಂತಲ್ಲೇ ನಿಂತಳು. ಆಮ್ಯಾಲ, "ಬಾ ಯವ್ವಾ, ಬಿಸಲಾಗ ಬಂದೀ," ಅಂತ ತಂಬಿಗಿ ನೀರು ಕೊಟ್ಟಳು, ಚಾ ಇಟ್ಟಳು, ಚುನಮರಿ ಹಚ್ಚಿದಳು. ಚಾಕ್ಕ ಹಾಕೋ ಸಕ್ಕರಿ ಮಾತ್ರ ಚುನಮರಿಗೆ ಸುರುವಿದಳು. ವಯಸ್ಸಾತಲ್ಲಾ ಅನಕೊಂಡಳು ರಾಜಶ್ರೀ.

"ಅತ್ತೀ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಅವರ ಹೆಸರಿನ್ಯಾಗ ಟಿವಿ ಯಾರು ನೋಡಾಕತ್ತಿದ್ದರು?"

ಇಂದ್ರಾಬಾಯಿ ಸೆರಗಿಲೆ ಮಾರಿ ಒರಸಿಕೊಂಡಳು. "ನಾನ ಯವ್ವಾ. ಮತ್ಯಾರು? ಹೊತ್ತು ಹೋಗಬೇಕಲ್ಲಾ."

"ಸುರು, ನಡುವ, ಕೊನಿ?"

"ಅವನಂಗ ನೋಡಿದ್ರ ಅವನ ಬಾಜೂಕ ಕುಂತಂಗ ಆಕ್ಕೈತಿ. ಮುದ್ದೇಬಿಹಾಳದಾಗ ಅಂವ ಒರಸಿ ಕೊಡಾಂವ, ನಾ ಚೀಲಕ್ಕ ತುಂಬಾಕಿ, ಮರತೇನು?"

ಅಯ್ಯ ಶಿವನ! ರಾಜಶ್ರೀ ಗೋಡೀಗೆ ಆತು ಕುಂತು ಅತ್ತುಬಿಟ್ಟಳು. ವಾರಗಟ್ಟಲೆ ಎದಿ ಮ್ಯಾಲ ಕುಂತಿದ್ದ ಕಲ್ಲು ಉರುಳಿತು. ಮಗನ್ನ ಕಳಕೊಂಡ ಮುದುಕಿ ಮಗನಂಗ ಟಿವಿ ನೋಡಿದ್ರ, ತಾ ಅದಕ್ಕ ಹೆದರಿ ಸಾಯಾಕ ಹತ್ತಿದ್ದೆನೆಲ್ಲಾ, ಎಂಥಾ ಹುಚ್ಚಿ! ಮ್ಯಾಲ ಆ ಚೌಕಾನೂ ಅಳಿಸಿಬಿಟ್ಟೆ.

"ತಪ್ಪಾತ್ರಿ ಅತ್ತೀ. ನಿನ್ನೆ ನಾ ಅದನ್ನ ಅಳಸೇನಿ. ತಡೀರಿ, ಮತ್ತ ಮಾಡಿಕೊಡತೇನಿ. ಟಿವಿ ಹಚ್ಚರಿ."

ಇಂದ್ರಾಬಾಯಿ ಏಳಲಿಲ್ಲ. "ಇರ್ಲಿ ಬಿಡ," ಅಂದಳು.

"ಹಚ್ಚರೀ, ಒಂದು ಗಳಿಗಿ ಕೆಲಸ."

ಮುದುಕಿ ರಿಮೋಟ್ ತಗೊಂಡಳು. ಒಂದು ಗುಂಡಿ ಒತ್ತಿದಳು, ಏನೂ ಆಗಲಿಲ್ಲ. ಇನ್ನೊಂದು ಒತ್ತಿದಳು, ಆವಾಜ ಅಷ್ಟ ಏರಿತು. ಬೆರಳು ಯಾವ ಗುಂಡಿ ಮ್ಯಾಲ ಹೋಗಬೇಕು ಅನ್ನೂದ ಆಕಿಗೆ ಗೊತ್ತಿದ್ದಿಲ್ಲ. ದಿನಾ ಪಿಕ್ಚರ್ ನೋಡಾಕಿ ಆ್ಯಪ್ ತಗಿಯೂದನ್ನ ಅರಿಯದವರಂಗ ರಿಮೋಟನ್ನ ಅತ್ತಾಗೊಮ್ಮೆ ಇತ್ತಾಗೊಮ್ಮೆ ಹೊಳ್ಳಿಸಿ ನೋಡಾಕತ್ತಿದ್ದಳು.

ರಾಜಶ್ರೀ ಒಳಗಿನ ಖೋಲಿ ಬಾಗಲಾ ನೋಡಿದಳು.

"ಅತ್ತೀ. ಅಂವ ಎಲ್ಲಿ ಅದಾನ?"

ಇಂದ್ರಾಬಾಯಿ ರಿಮೋಟ್ ಕೆಳಗಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡು ಅಳಾಕತ್ತಿದಳು. "ಉಗಾದಿ ಮುಂದ ಬಂದ ಯವ್ವಾ. ಸೋಲಾಪುರ ಕಡಿ ಎಲ್ಲೋ ಇದ್ದನಂತ. ಹೊಟ್ಟೀ ಮಗ, ಬಾಗಲಾ ಹೆಂಗ ಹಾಕಲಿ? ಒಳಗಿನ ಖೋಲ್ಯಾಗ ಇರತಾನ, ಹಗಲೆಲ್ಲಾ ಟಿವಿ ಮುಂದ ಅದನ್ನ ಮಾಡತಾನ. ಯಾರಿಗರ ಹೇಳಿದ್ರ ಖರೇನ ಹೊಳಿ ಹಾರತೇನಂದ. ನಿಮ್ಮ ಹಿರೇರು ಉಡಿಕೀ ಮಾತು ತಂದಾಗ ಅಂವ ಬಾಗಲಾ ಸಂದ್ಯಾಗ ನಿಂತು ಕೇಳಿದ. ನಾ ಹೆದರಿ ಸತ್ತೆ. ಆದ್ರ ಅಂವ ಏನೂ ಅನಲಿಲ್ಲ, ಸುಮ್ಮನ ಇದ್ದ, ನಿನ್ನೆ ತನಕ."

"ನಿನ್ನೆ ಏನಾತು?"

"ಟಿವಿ ತಗದಾ, ಅವನ ಹೆಸರು ಇದ್ದಿಲ್ಲ. ಹುಡುಕಿದ, ಹುಡುಕಿದ. 'ನನ್ನ ಅಳಿಸಿದಳು' ಅಂತ ಒಂದ ಮಾತು ಅಂದ. ನಸುಕಿನ ಬಸ್ಸಿಗೆ ಎದ್ದು ಹೋದ."

"ಎಲ್ಲಿಗೆ ಹೋದಾನ್ರಿ?"

"ಬಾಗೇವಾಡಿಗೆ ಯವ್ವಾ, ಕೂಸಿನ ಕಡಿ."

ರಾಜಶ್ರೀ ಮನ್ಯಾಗಿನ ಫೋನಿಗೆ ಹಚ್ಚಿದಳು. ಕೋಮಲ ಎತ್ತಬಾರದು, ಸುಗ್ರಾನ ಮನ್ಯಾಗ ಇರಬೇಕು, ದೇವರೇ, ಎತ್ತಬಾರದು ಅಂತ ಮನಸಿನ್ಯಾಗ ಅನಕೋತ ಕಿವೀಗೆ ಒತ್ತಿಕೊಂಡಳು.

"ಯವ್ವಾ?" ಅಂದಳು ಕೋಮಲ.

"ಅಲ್ಲ್ಯಾಕ ಇದೀ ನೀನು? ಸುಗ್ರಾ ಅತ್ತೀ ಕಡಿ ಇರು ಅಂದಿದ್ನಿಲ್ಲ?"

"ಕಾರ್ಟೂನ್ ನೋಡಾಕ ಬಂದೆ." ದನಿ ಸಣ್ಣದಾತು. "ಯವ್ವಾ, ನೀ ಸುಳ್ಳ್ಯಾಕ ಹೇಳಿದ್ದಿ? ಅಪ್ಪ ಸತ್ತಿಲ್ಲ. ಇಲ್ಲೇ ಕುಂತಾನ. ಟಿವ್ಯಾಗ ಅವನ ಹೆಸರು ಎಲ್ಲೈತಿ ಅಂತ ಕೇಳಾಕತ್ತಾನ."

ಫೋನು ಕೈ ಬದಲಾತು. ಎರಡು ವರ್ಷ ಕೇಳದ ದನಿ, ಆದ್ರ ಬೆನ್ನಹುರಿಗೆ ಗುರುತು ಹತ್ತಿತು.

"ನಮ್ಮವ್ವನ ಮನ್ಯಾಗ ಕುಂತೀಯಂತ, ಕೋಮಲ ಹೇಳಿದಳು. ಕೂಡು. ಚಾ ಕುಡಿ. ನಾವು ಅಪ್ಪ ಮಗಳು ಕತ್ತಲಾಗೂ ಹೊತ್ತಿಗೆ ಹೊಂಡತೇವಿ. ಯಾರಿಗರ ಹೇಳಿದ್ದು ಗೊತ್ತಾತು, ಈಕೀನ್ನ ನೀ ಮತ್ತ ನೋಡೂದಿಲ್ಲ. ಉಡಿಕಿ ಮಾಡಕೋ ಹೋಗು." ಫೋನ್ ಇಟ್ಟ.

ಇಂಡಿಯಿಂದ ಬಾಗೇವಾಡಿ ಮುಟ್ಟೂದರಾಗ ಹೊತ್ತು ಮುಳಗತೈತಿ. ಓಡಿದ್ರೂ ಮುಟ್ಟಂಗಿಲ್ಲ, ಹಾರಿದ್ರೂ ಮುಟ್ಟಂಗಿಲ್ಲ. ಆದ್ರ ಅವನ ಒಂದ ಮಾತು ಆಕೀ ತಲ್ಯಾಗ ಸಿಕ್ಕೊಂಡಿತು. ಕತ್ತಲಾಗಲಿ ಅಂತ ಯಾಕ ಕಾಯಾಕತ್ತಾನ? ಹಗಲಾಗ ಯಾಕ ಹೊಂಡವಲ್ಲ? ಹೌದಲ್ಲಾ! ಅಂವ ಸತ್ತಾಂವ. ಬಾಗೇವಾಡ್ಯಾಗೂ ಅವಗ ರೊಕ್ಕ ಕಟ್ಟಿದ ಮಂದಿ ಅದಾರ. ಒಬ್ಬರ ಕಣ್ಣಿಗೆ ಬಿದ್ರೂ ಅವನ ಕತಿ ಮುಗೀತು. ತಾನು ಅವಗ ಎಷ್ಟು ಹೆದರತಾಳೋ ಅಷ್ಟ ಅಂವ ಮಂದೀಗೆ ಹೆದರತಾನ.

ಸುಗ್ರಾಗ ಫೋನ್ ಹಚ್ಚಿದಳು.

"ಸುಗ್ರಕ್ಕಾ, ಏನೂ ಕೇಳಬ್ಯಾಡ್ರಿ. ನಮ್ಮ ಮನ್ಯಾಗ ದುಂಡೇಶ ಕುಂತಾನ. ಹೌದ್ರಿ, ಅಂವನ, ಸತ್ತಿಲ್ಲ. ಕೋಮಲ ಒಳಗ ಅದಾಳ. ಒಬ್ಬರ ಹೋಗಬ್ಯಾಡ್ರಿ. ಓಣ್ಯಾಗಿನ ಹೆಂಗ್ಸರು, ಹುಡುಗರು, ಎಲ್ಲಾರ್ನೂ ಕರಕೊಂಡು ಹೋಗ್ರಿ, ಪಿಕ್ಚರ್ ನೋಡಾಕ ಬಂದೇವಿ ಅನ್ರಿ. ಗದ್ದಲಾ ಮಾಡ್ರಿ. ಫೋನ್ ಮಾತ್ರ ಇಡಬ್ಯಾಡ್ರಿ."

ಸುಗ್ರಾ ಒಂದು ಮಾತೂ ಕೇಳಲಿಲ್ಲ, ಪುಣ್ಯಾತಗಿತ್ತಿ. "ಯಾ ಅಲ್ಲಾ" ಅಂದಳು, ಎದ್ದಳು. ಫೋನಿನ್ಯಾಗ ಆಕಿ ಕೂಗೂದು ಕೇಳತಿತ್ತು: "ಏ ಗುಲನಾಜ, ಬಾರ! ಏ ಸುರೇಖಾ, ಕೂಸು ಎತಗೊಂಡ ಬಾ! ರಾಜಶ್ರೀ ಮನ್ಯಾಗ ಹೊಸಾ ಪಿಕ್ಚರ್ ಹಚ್ಯಾರಂತ!" ಚಪ್ಪಲ್ ಸಪ್ಪಳ ಒಂದಕ್ಕೊಂದು ಕೂಡಿದವು. ಹುಡುಗರು ಹೋ ಅಂದರು. ಬಾಗಲಾ ದಬದಬ ಬಡದರು.

"ಕೋಮಲಾ! ಬಾಗಲಾ ತಗಿಯ, ಜಗಾ ಹಿಡೀಬೇಕು ನಾವು!"

ಒಳಗಿಂದ ಸದ್ದಿಲ್ಲ. ರಾಜಶ್ರೀ ಫೋನನ್ನ ಕಿವೀಗೆ ಇನ್ನೂ ಒತ್ತಿ ಹಿಡದಳು. ಇಂದ್ರಾಬಾಯಿ ಆಕಿ ಮೊಣಕೈ ಹಿಡಕೊಂಡಳು, ಆ ಹಿಡತಕ್ಕ ಉಗುರು ನಾಟತಿದ್ದವು.

"ಕೋಮಲಾ, ತಗೀತೀಯೋ, ಗಂಡಸರನ್ನ ಕರದು ಮುರಸಲ್ಯೋ?" ಸುಗ್ರಾನ ದನ್ಯಾಗ ಈಗ ನಗು ಇದ್ದಿಲ್ಲ.

ಚಿಲಕ ಸರೀತು. ಒಮ್ಮಿಗೇ ಗಲಾಟಿ. ಯಾರೋ ಹೆಂಗಸು, "ಇಂವ ಡಿಸ್ಕಿನ ದುಂಡೇಶಲ್ಲ?" ಅಂತ ಚೀರಿದಳು. ಏನೋ ಒಡೀತು. ಓಡೋ ಸಪ್ಪಳ. ಆ ಸಪ್ಪಳದಾಗ ಯಾರು ಓಡಾಕತ್ತಾರ, ಯಾರು ಯಾರ್ನ ಎಳ್ಯಾಕತ್ತಾರ, ಒಂದೂ ತಿಳೀವಲ್ದು. "ಸುಗ್ರಕ್ಕಾ! ಸುಗ್ರಕ್ಕಾ!" ಅಂತ ರಾಜಶ್ರೀ ಒದರಿದಳು, ಒದರಿದಳು, ಉತ್ತರ ಬರಲಿಲ್ಲ. ಆಕೀಗೆ ಅದೊಂದು ಜಲ್ಮ ಕಳದಂಗಾತು.

"ಸಿಕ್ಕಳು," ಅಂದಳು ಸುಗ್ರಾ ತೇಕುಸಿರು ಬಿಡಕೋತ. "ನನ್ನ ಬಗಲಾಗ ಅದಾಳ ನಿನ್ನ ಮಗಳು. ಅಂವ ಹಿತ್ತಲಾ ಗ್ವಾಡಿ ಜಿಗದು ಹೋದ. ಹುಡುಗರು ಬೆನ್ನಹತ್ಯಾರ."

ಹೋದ ಅಂದ್ರ? ಎಲ್ಲಿಗೆ ಹೋದ? ಇವತ್ತು ಹೋದಾಂವ ನಾಳಿ ಬರಂಗಿಲ್ಲಂತ ಯಾರು ಹೇಳಬೇಕು? ಮಗಳು ಉಳದಳು ಅನ್ನೋ ಸಂತೋಷದ ಬೆನ್ನಿಗೇ ಹೆದರಿಕಿ ತಿರುಗಿ ಬಂದು ಕುಂತಿತು. ಇನ್ನ ಮ್ಯಾಲ ಪ್ರತಿ ಬಾಗಲಾ ಬಡದಾಗೂ ಅಂವನ, ಪ್ರತಿ ಬಸ್ಸಿನ್ಯಾಗೂ ಅಂವನ. ಪೊಲೀಸರಿಗೆ ಹೇಳಬೇಕು, ಆದ್ರ ಯಾರು ನಂಬತಾರ? ಅವರ ಕಾಗದದಾಗ ಅಂವ ಹೊಳಿ ಪಾಲಾದಾಂವ. ಉಡಿಕಿ ಮುಂದ ಇಟಗೊಂಡು ಈಕೀಗೆ ಭ್ರಮಾ ಹಿಡದೈತಿ ಅಂತಾರ.

ಇಂದ್ರಾಬಾಯಿ ಕೈ ಚಾಚಿದಳು. "ಪೊಲೀಸರಿಗೆ ಹಚ್ಚಿಕೊಡು. ನಾ ಮಾತಾಡತೇನಿ."

"ಅತ್ತೀ, ಅವರು ಹಿಡಕೊಂಡು ಹೋಗತಾರ ನೋಡ್ರಿ."

"ಹಚ್ಚು ಅಂದ್ನಿಲ್ಲ?"

ರಾಜಶ್ರೀ ಹಚ್ಚಿಕೊಟ್ಟಳು. ಮುದುಕಿ ಎರಡೂ ಕೈಲೆ ಫೋನ್ ಹಿಡದು, ಕಿವುಡರ ಜೋಡಿ ಮಾತಾಡಿದಂಗ ಜೋರಾಗಿ ಹೇಳಿದಳು. ದುಂಡೇಶ ಸತ್ತಿಲ್ಲ, ಉಗಾದಿಯಿಂದ ನನ್ನ ಮನ್ಯಾಗ ಇದ್ದ, ನಾನ ಮುಚ್ಚಿಟ್ಟಿದ್ದೆ. ಈಗ ಬಸವನ ಬಾಗೇವಾಡ್ಯಾಗ ಕೂಸಿನ್ನ ಒಯ್ಯಾಕ ಹೋಗ್ಯಾನ, ಹೆಂಡ್ತೀನ್ನ ಸುಟ್ಟಾಂವ ಅಂವ, ಬಿಡಬ್ಯಾಡ್ರಿ, ಹಿಡೀರಿ. ಅಂಗಿ ನೀಲಿ, ಟವೆಲ್ ಬಿಳೇದು, ಎಡಗಾಲು ಒಂದೀಟು ಎಳದು ಹಾಕತಾನ. ಹೇಳಕೋತ ಹೇಳಕೋತ ಆಕಿ ಕಣ್ಣಾಗಿನ ನೀರು ಗದ್ದದ ಮ್ಯಾಲ ಬಂದು ನಿಂತಿತ್ತು, ಒರಸಿಕೊಳ್ಳಲಿಲ್ಲ.

"ನೀವು ಯಾರ್ರಿ?" ಅಂತ ಆ ಕಡಿಯಿಂದ ಕೇಳಿದರು. "ಅವಗ ಏನಾಗಬೇಕು?"

ಇಂದ್ರಾಬಾಯಿ ಸೊಸೀ ಕಡಿ ನೋಡಿದಳು.

"ನಾನು ರಾಜಶ್ರೀಯ ಅತ್ತಿ ರೀ," ಅಂದಳು.